ಸೂಜಿ, ರಕ್ತ, ಲಿವರ್: ಹೆಪಟೈಟಿಸ್ ಸಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಫೋನಿನಲ್ಲಿ, ಪತ್ರದಲ್ಲಿ, ಆಸ್ಪತ್ರೆಯ ಕಾರಿಡಾರಿನಲ್ಲಿ ಮತ್ತೆ ಮತ್ತೆ ಕಿವಿಗೆ ಬಿದ್ದ ಪ್ರಶ್ನೆಗಳು ಇವು. ಕೆಲವನ್ನು ಡ್ರಗ್ಸ್ ಚುಚ್ಚಿಕೊಳ್ಳುವ ಹುಡುಗರೇ ಕೇಳಿದ್ದಾರೆ, ಕೆಲವನ್ನು ಅವರ ಅಮ್ಮಂದಿರು, ಒಂದನ್ನು ಒಬ್ಬ ನರ್ಸ್. ಅವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಬೈಗುಳ ಮಾತ್ರ ತೆಗೆದಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಚಟ ಬಿಡಿಸುವುದು ಒಂದು ಕೆಲಸ, ಲಿವರ್ ಉಳಿಸುವುದು ಇನ್ನೊಂದು. ಮೊದಲನೆಯದು ಮುಗಿಯಲಿ ಅಂತ ಎರಡನೆಯದನ್ನು ಕಾಯಿಸಬೇಕಾಗಿಲ್ಲ.

ಮೊದಲ ಪಾಠ

ಹೆಪಟೈಟಿಸ್ ಸಿ ಅಂದ್ರೆ ಜಾಂಡೀಸ್ ತಾನೇ?

ಅಲ್ಲ. ಜಾಂಡೀಸ್ ಅಥವಾ ಕಾಮಾಲೆ ಒಂದು ಲಕ್ಷಣ, ರೋಗದ ಹೆಸರಲ್ಲ. ಕೊಳಕು ನೀರು, ಕೆಟ್ಟ ಊಟದಿಂದ ಬರುವುದು ಹೆಪಟೈಟಿಸ್ ಎ ಮತ್ತು ಇ. ಅವು ಸಾಮಾನ್ಯವಾಗಿ ಬಂದು, ಕಾಡಿಸಿ, ಹೊರಟುಹೋಗುತ್ತವೆ. ಸಿ ಹಾಗಲ್ಲ. ಅದು ರಕ್ತದಿಂದ ರಕ್ತಕ್ಕೆ ದಾಟುವ ವೈರಸ್, ಸದ್ದಿಲ್ಲದೆ ಒಳಗೆ ಕೂತುಬಿಡುತ್ತದೆ.

ಸೋಂಕು ತಗುಲಿದ ಹೆಚ್ಚಿನವರಿಗೆ ಕಣ್ಣು ಹಳದಿ ಆಗುವುದೇ ಇಲ್ಲ. ಸ್ವಲ್ಪ ಸುಸ್ತು, ಹಸಿವಿಲ್ಲ, ಅಷ್ಟೇ. 15ರಿಂದ 45 ಶೇಕಡಾ ಜನರಲ್ಲಿ ಆರು ತಿಂಗಳೊಳಗೆ ವೈರಸ್ ತಾನಾಗಿಯೇ ಹೋಗುತ್ತದೆ. ಉಳಿದವರಲ್ಲಿ ಅದು ವರ್ಷಗಟ್ಟಲೆ ಇದ್ದು ಲಿವರನ್ನು ನಿಧಾನವಾಗಿ ಗಟ್ಟಿ ಮಾಡುತ್ತಾ ಹೋಗುತ್ತದೆ. ಹೀಗೆ ಉಳಿದುಕೊಂಡವರಲ್ಲಿ 15ರಿಂದ 30 ಶೇಕಡಾ ಜನರಿಗೆ ಇಪ್ಪತ್ತು ವರ್ಷದೊಳಗೆ ಸಿರೋಸಿಸ್, ಅಂದರೆ ಲಿವರ್ ಗಂಟುಗಟ್ಟಿ ಗಟ್ಟಿಯಾಗುವ ಸ್ಥಿತಿ, ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 55 ಲಕ್ಷ ಜನರಿಗೆ ಈ ಸೋಂಕು ಇತ್ತು. ಅವರಲ್ಲಿ ತುಂಬ ಜನಕ್ಕೆ ಅದು ಗೊತ್ತೇ ಇಲ್ಲ.

ಡ್ರಗ್ಸ್ ಚುಚ್ಕೊಳೋರಿಗೇ ಯಾಕೆ ಜಾಸ್ತಿ? ಆ ಪುಡಿಯಲ್ಲೇ ವೈರಸ್ ಇರುತ್ತಾ?

ಪುಡಿಯಲ್ಲಿ ಇರುವುದಿಲ್ಲ. ಹಂಚಿಕೊಂಡ ಸಾಮಾನಿನಲ್ಲಿರುವ ರಕ್ತದಲ್ಲಿರುತ್ತದೆ. ಅದೇ ಸೂಜಿಯಲ್ಲಿ ಬರೀ ಉಪ್ಪುನೀರು ಚುಚ್ಚಿಕೊಂಡರೂ ಅಪಾಯ ಅಷ್ಟೇ.

ಒಂದು ಸಿರಿಂಜನ್ನು ಕೈಯಲ್ಲಿ ಹಿಡಿದು ನೋಡಿ. ಸೂಜಿ ನರಕ್ಕೆ ಸಿಕ್ಕಿತಾ ಅಂತ ನೋಡಲು ಪ್ಲಂಜರ್ ಸ್ವಲ್ಪ ಹಿಂದಕ್ಕೆ ಎಳೆಯುತ್ತಾರೆ, ರಕ್ತ ಒಳಗೆ ಬರುತ್ತದೆ. ಆಮೇಲೆ ಪೂರ್ತಿ ಒತ್ತುತ್ತಾರೆ. ಖಾಲಿ ಆಯಿತು ಅನ್ನಿಸುತ್ತದೆ, ಆದರೆ ಆಗಿರುವುದಿಲ್ಲ. ಸೂಜಿ ಬಿಚ್ಚಿ ಹಾಕುವ ಮಾದರಿಯಲ್ಲಿ ಸೂಜಿಯ ಬುಡದ ಪ್ಲಾಸ್ಟಿಕ್ ಭಾಗದಲ್ಲಿ ಒಂದಿಷ್ಟು ಜಾಗ ಇರುತ್ತದೆ, ಪ್ಲಂಜರ್ ಅಲ್ಲಿಗೆ ಮುಟ್ಟುವುದೇ ಇಲ್ಲ. ಅಲ್ಲಿ ಸುಮಾರು 80 ಮೈಕ್ರೋಲೀಟರ್ ಉಳಿಯುತ್ತದೆ. ಸೂಜಿ ಅಂಟಿಕೊಂಡೇ ಬರುವ ಇನ್ಸುಲಿನ್ ಸಿರಿಂಜ್‌ನಲ್ಲಿ ಉಳಿಯುವುದು ಸುಮಾರು 2 ಮೈಕ್ರೋಲೀಟರ್. ಬಿಚ್ಚುವ ಸೂಜಿಯ ಸಿರಿಂಜ್‌ನೊಳಗೆ ಈ ವೈರಸ್ 63 ದಿನದವರೆಗೂ ಜೀವಂತ ಇದ್ದದ್ದನ್ನು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಎಚ್‌ಐವಿಗಿಂತ ಇದು ಗಟ್ಟಿ ಪಿಂಡ. ಪ್ರಪಂಚದಲ್ಲಿ ಡ್ರಗ್ಸ್ ಚುಚ್ಚಿಕೊಳ್ಳುವವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಹೆಪಟೈಟಿಸ್ ಸಿ ಇದೆ ಅಂತ ವಿಶ್ವಸಂಸ್ಥೆ ಹೇಳುವುದಕ್ಕೆ ಕಾರಣ ಇಷ್ಟೇ.

ನಾನು ಸಿರಿಂಜ್ ಯಾರಿಗೂ ಕೊಡಲ್ಲ, ಯಾರದ್ದೂ ತಗೊಳಲ್ಲ. ಮತ್ತೆ ನನಗೆ ಹೇಗೆ ಬಂತು?

ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಕೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಸಿರಿಂಜ್ ಬೇರೆ ಇಟ್ಟುಕೊಂಡಿರುತ್ತಾರೆ, ಸುತ್ತ ಇರುವುದನ್ನೆಲ್ಲ ಹಂಚಿಕೊಂಡಿರುತ್ತಾರೆ.

ಮೂರು ಜನ ಕೂತಿದ್ದಾರೆ ಅಂದುಕೊಳ್ಳಿ. ಮೂವರದ್ದೂ ಬೇರೆ ಬೇರೆ ಸಿರಿಂಜ್. ಆದರೆ ನೀರು ಒಂದೇ ಬಾಟಲಿಯ ಮುಚ್ಚಳದಲ್ಲಿ. ಚಮಚ ಒಂದೇ. ಸೋಸುವ ಹತ್ತಿ ಒಂದೇ. ಒಬ್ಬ ನಿನ್ನೆಯ ಸಿರಿಂಜನ್ನು ಆ ನೀರಲ್ಲಿ ತೊಳೆದ. ಇನ್ನೊಬ್ಬ ಅದೇ ನೀರನ್ನು ಎಳೆದುಕೊಂಡ. ಮುಗಿಯಿತು. ಕಣ್ಣಿಗೆ ಕಾಣದಷ್ಟು ರಕ್ತ ಸಾಕು, ನೀರು ಕೆಂಪಗೆ ಆಗಬೇಕಾಗಿಲ್ಲ. "ಹತ್ತಿಯಲ್ಲಿ ಇನ್ನೂ ಸ್ವಲ್ಪ ಮಾಲಿದೆ" ಅಂತ ಹಳೆ ಹತ್ತಿ ಎತ್ತಿಟ್ಟುಕೊಳ್ಳುವವರೂ ಇದ್ದಾರೆ. ಆ ಹತ್ತಿಯಲ್ಲಿ ಮಾಲಿನ ಜೊತೆ ಎಲ್ಲರ ರಕ್ತವೂ ಇರುತ್ತದೆ.

ಇನ್ನೊಂದು ದಾರಿ, ಹಂಚುವಾಗ. ದುಡ್ಡು ಕೂಡಿಸಿ ಕೊಂಡಿರುತ್ತಾರೆ, ಸಮಪಾಲು ಆಗಬೇಕು ಅಂತ ಒಂದೇ ಸಿರಿಂಜ್‌ನಲ್ಲಿ ಅಳೆದು ಉಳಿದವರದಕ್ಕೆ ಹಾಕುತ್ತಾರೆ. ಅಳೆದ ಸಿರಿಂಜ್ ಹಳೆಯದಾಗಿದ್ದರೆ ಅದರಲ್ಲಿರುವುದೂ ಸಮಪಾಲಾಗಿ ಹಂಚಿಹೋಗುತ್ತದೆ. ತೋಳಿಗೆ ಕಟ್ಟುವ ಪಟ್ಟಿ, ರಕ್ತ ಒರೆಸಿದ ಬಟ್ಟೆ, ಇನ್ನೊಬ್ಬರ ತೋಳು ಒತ್ತಿ ಹಿಡಿದ ಬೆರಳು, ಇವೂ ಲೆಕ್ಕಕ್ಕೆ ಸೇರುತ್ತವೆ. ಗುಂಪಿನಲ್ಲಿ ಎಲ್ಲ ಸಿರಿಂಜೂ ಒಂದೇ ಥರ ಕಾಣುವುದರಿಂದ ಅದಲುಬದಲಾಗುವುದೂ ಉಂಟು. ಪ್ಲಂಜರ್ ತುದಿಗೆ ಬಣ್ಣದ ಟೇಪ್ ಸುತ್ತಿಟ್ಟರೆ ನಿಮ್ಮದು ಯಾವುದು ಅಂತ ಗೊತ್ತಿರುತ್ತದೆ.

ಹೆಂಗಸರ ವಿಷಯದಲ್ಲಿ ಒಂದು ಮಾತು. ತುಂಬ ಹೆಣ್ಣುಮಕ್ಕಳಿಗೆ ಗಂಡ ಅಥವಾ ಜೊತೆಗಾರನೇ ಚುಚ್ಚುವುದು, ಅದೂ ತಾನು ಚುಚ್ಚಿಕೊಂಡ ಮೇಲೆ. ಅವರ ಪಾಲಿಗೆ ಬರುವುದು ಯಾವಾಗಲೂ ಎರಡನೇ ಸರದಿ.

ಬಿಸಿನೀರಲ್ಲಿ, ಬ್ಲೀಚಲ್ಲಿ ತೊಳೆದ್ರೆ ಸಾಲ್ದಾ?

ಸಾಲದು. ತೊಳೆದರೆ ಅಪಾಯ ಸ್ವಲ್ಪ ಕಡಿಮೆ ಆಗಬಹುದು, ಇಲ್ಲವಾಗುವುದಿಲ್ಲ. ಲೈಟರ್‌ನಲ್ಲಿ ಸೂಜಿ ತುದಿ ಸುಡುವುದಂತೂ ಬರೀ ಸಮಾಧಾನಕ್ಕೆ, ಯಾಕೆಂದರೆ ರಕ್ತ ಇರುವುದು ಒಳಗೆ. ಪ್ರತಿ ಸಲ ಹೊಸ ಸಿರಿಂಜ್, ಸ್ವಂತ ಚಮಚ, ಸ್ವಂತ ನೀರು, ಸ್ವಂತ ಹತ್ತಿ. ಬೇರೆ ದಾರಿ ಏನೂ ಇಲ್ಲದಾಗ ಮಾತ್ರ ಬ್ಲೀಚ್.

ಇದು ಪಂಜಾಬ್, ಮಣಿಪುರದ ಕಥೆ ಅಲ್ವಾ? ನಮ್ಮ ಕಡೆ ಎಲ್ಲಿದೆ?

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ 2019ರಲ್ಲಿ ಒಂದು ವರದಿ ಹೊರತಂದಿತು. ದೇಶದಲ್ಲಿ ಡ್ರಗ್ಸ್ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ ಅಂತ ಅದರ ಅಂದಾಜು. ಅಂಥವರ ಸಂಖ್ಯೆ ಹೆಚ್ಚಿರುವ ಹತ್ತು ರಾಜ್ಯಗಳ ಹೆಸರನ್ನೂ ಕೊಟ್ಟಿದೆ. ಪಂಜಾಬ್, ಮಣಿಪುರ ಅದರಲ್ಲಿವೆ. ಕರ್ನಾಟಕವೂ ಇದೆ.

ನಮ್ಮ ತಲೆಯಲ್ಲಿ ಚುಚ್ಚಿಕೊಳ್ಳುವುದು ಅಂದರೆ ಹೆರಾಯಿನ್ ಅಂತ ಕೂತುಬಿಟ್ಟಿದೆ. ಅದೇ ವರದಿಯ ಪ್ರಕಾರ ಮೆಡಿಕಲ್ ಶಾಪಿನ ಔಷಧಿ ಚುಚ್ಚಿಕೊಳ್ಳುವವರೂ ಹೆರಾಯಿನ್‌ನವರಷ್ಟೇ ಇದ್ದಾರೆ. ನಮ್ಮಲ್ಲಿ ಪೊಲೀಸರು ಹಿಡಿದ ಕೇಸುಗಳಲ್ಲಿ ಟ್ಯಾಪೆಂಟಡಾಲ್ ಅನ್ನುವ ನೋವಿನ ಮಾತ್ರೆಯ ಹೆಸರು ಬರುತ್ತಲೇ ಇರುತ್ತದೆ. ನುಂಗಲು ಮಾಡಿದ ಮಾತ್ರೆ ಅದು, ನರಕ್ಕೆ ಹೋದರೆ ಅದರ ಪುಡಿಯೇ ರಕ್ತನಾಳ ಕೆಡಿಸುತ್ತದೆ. ಹೆಪಟೈಟಿಸ್ ಬೇರೆ ಲೆಕ್ಕ.

ಮಣಿಪುರದ ಕಥೆ ಹಳೆಯದು. ಮ್ಯಾನ್ಮಾರ್ ಗಡಿ ದಾಟಿ ಬಂದ "ನಂಬರ್ ಫೋರ್" ಹೆರಾಯಿನ್ 1980ರ ದಶಕದಲ್ಲೇ ಅಲ್ಲಿನ ಹುಡುಗರ ಕೈಗೆ ಸಿಕ್ಕಿತು. ಹಿಂದೆಯೇ ಎಚ್‌ಐವಿ ಬಂತು, ಎಲ್ಲರ ಗಮನ ಅದರ ಮೇಲೆ ಹೋಯಿತು. ಹೆಪಟೈಟಿಸ್ ಸಿ ಅದರ ನೆರಳಿನಲ್ಲೇ ಹಬ್ಬಿತು. ಪಂಜಾಬಿನಲ್ಲಿ ಚಿಟ್ಟಾ (ಹೆರಾಯಿನ್ನಿಗೆ ಅಲ್ಲಿನ ಹೆಸರು) ಜೊತೆಗೆ ಇನ್ನೊಂದು ಕಾರಣವೂ ಇದೆ: ಹಳ್ಳಿ ಹಳ್ಳಿಯಲ್ಲಿ ಒಂದೇ ಸೂಜಿಯಲ್ಲಿ ಹತ್ತಾರು ಜನಕ್ಕೆ ಚುಚ್ಚುವ ನಕಲಿ ಡಾಕ್ಟರುಗಳು. ನಮ್ಮ ಹಳ್ಳಿಗಳಲ್ಲೂ "ಒಂದು ಇಂಜೆಕ್ಷನ್ ಹಾಕಿಬಿಡಿ ಡಾಕ್ಟ್ರೇ" ಅನ್ನುವವರು ಕಮ್ಮಿ ಇಲ್ಲ.

ಟೆಸ್ಟ್ ಮತ್ತು ಮನೆ

ಕಾಲೇಜಲ್ಲಿದ್ದಾಗ ಒಂದೇ ಸಲ ಟ್ರೈ ಮಾಡಿದ್ದು. ಈಗ ಮದುವೆ ಆಗಿ ಮಕ್ಕಳಿದ್ದಾರೆ. ಟೆಸ್ಟ್ ಬೇಕಾ?

ಬೇಕು. ಒಂದು ಸಲ ಸಾಕು ವೈರಸ್ಸಿಗೆ, ವರ್ಷ ಕಳೆದರೆ ಅದು ಮರೆಯುವುದಿಲ್ಲ. ಒಂದೇ ಒಂದು ರಕ್ತದ ಟೆಸ್ಟ್.

ಆಂಟಿಬಾಡಿ ಪಾಸಿಟಿವ್ ಬಂದಿದೆ. ನನ್ನ ಕಥೆ ಮುಗೀತಾ?

ಇಲ್ಲ, ಇನ್ನೊಂದು ಟೆಸ್ಟ್ ಬಾಕಿ ಇದೆ. ಆಂಟಿಬಾಡಿ ಪಾಸಿಟಿವ್ ಅಂದರೆ ವೈರಸ್ ಯಾವತ್ತೋ ಒಳಗೆ ಬಂದಿತ್ತು ಅಂತ ಮಾತ್ರ. ಈಗ ಇದೆಯೋ ಇಲ್ಲವೋ ಅಂತ ಅದು ಹೇಳುವುದಿಲ್ಲ. ಅದಕ್ಕೆ ಆರ್‌ಎನ್‌ಎ ಟೆಸ್ಟ್, ಅಂದರೆ ವೈರಲ್ ಲೋಡ್ ಟೆಸ್ಟ್ ಮಾಡಿಸಬೇಕು. ಅದರಲ್ಲಿ ವೈರಸ್ ಕಾಣದಿದ್ದರೆ ನಿಮ್ಮ ದೇಹವೇ ಅದನ್ನು ಓಡಿಸಿದೆ ಅಂತ ಅರ್ಥ. ಕಂಡರೆ ಚಿಕಿತ್ಸೆ.

ಮೊದಲ ರಿಪೋರ್ಟ್ ನೋಡಿ ಹೆದರಿ, ಎರಡನೇ ಟೆಸ್ಟ್‌ಗೆ ಬಾರದೆ ಮಾಯವಾಗುವವರೇ ಜಾಸ್ತಿ. ಒಂದೇ ಭೇಟಿಯಲ್ಲಿ ಎರಡಕ್ಕೂ ರಕ್ತ ತೆಗೆದುಕೊಂಡರೆ ಎಷ್ಟೋ ಜನ ಕೈತಪ್ಪುವುದಿಲ್ಲ. ಆಸ್ಪತ್ರೆಯವರು ಇದನ್ನು ಯೋಚಿಸಬೇಕು.

ಹೋದ ವಾರ ಅವನ ಸಿರಿಂಜಲ್ಲೇ ಹಾಕ್ಕೊಂಡ್ಬಿಟ್ಟೆ. ಈಗಲೇ ಟೆಸ್ಟ್ ಮಾಡಿಸ್ಲಾ?

ಇವತ್ತು ಮಾಡಿಸಿದರೆ ಹಳೆಯ ಸೋಂಕು ಇದ್ದರೆ ಗೊತ್ತಾಗುತ್ತದೆ, ಹೋದ ವಾರದ್ದು ಗೊತ್ತಾಗಲಿಕ್ಕಿಲ್ಲ. ವೈರಲ್ ಲೋಡ್ ಟೆಸ್ಟ್‌ನಲ್ಲಿ ಕಾಣಲು ಒಂದೆರಡು ವಾರ ಬೇಕು. ಆಂಟಿಬಾಡಿ ಬರಲು ಸಾಮಾನ್ಯವಾಗಿ ಎರಡು ತಿಂಗಳ ಮೇಲೇ ಆಗುತ್ತದೆ. ಹಾಗಾಗಿ ಈಗ ಒಂದು, ಮೂರು ವಾರ ಬಿಟ್ಟು ವೈರಲ್ ಲೋಡ್, ಆರು ತಿಂಗಳಿಗೆ ಕೊನೆಯದು. ಅಷ್ಟರವರೆಗೆ ನಿಮ್ಮ ಸಾಮಾನು ಯಾರಿಗೂ ಕೊಡಬೇಡಿ.

ಇದರ ಜೊತೆ ಎಚ್‌ಐವಿ ಟೆಸ್ಟ್ ಕೂಡ ಮಾಡಿಸಿ. ಎಚ್‌ಐವಿ ತಡೆಯುವ ತುರ್ತು ಮಾತ್ರೆ ಇದೆ, ಆದರೆ 72 ಗಂಟೆಯೊಳಗೆ ಶುರು ಮಾಡಬೇಕು. ವಾರ ಕಳೆದ ಮೇಲೆ ಅದು ಕೆಲಸಕ್ಕೆ ಬಾರದು. ಮುಂದೆ ಯಾವತ್ತಾದರೂ ಹೀಗಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಹೆಪಟೈಟಿಸ್ ಸಿಗೆ ಅಂಥ ತುರ್ತು ಮಾತ್ರೆ ಇಲ್ಲ, ಲಸಿಕೆಯೂ ಇಲ್ಲ. ಹೆಪಟೈಟಿಸ್ ಬಿಗೆ ಲಸಿಕೆ ಇದೆ, ಆ ವೈರಸ್ ಸೂಜಿಯಿಂದ ಇನ್ನೂ ಸುಲಭವಾಗಿ ಹರಡುತ್ತದೆ. ಹಾಕಿಸಿಕೊಳ್ಳದೆ ಇದ್ದರೆ ಈಗಲೇ ಶುರು ಮಾಡಿ.

ಆಸ್ಪತ್ರೆಗೆ ಹೋದ್ರೆ ಪೊಲೀಸರಿಗೆ ಹಿಡ್ಕೊಡ್ತಾರಾ?

ಹೆಪಟೈಟಿಸ್ ಟೆಸ್ಟ್ ಮಾಡಿಸಲು ಯಾಕೆ, ಏನು ಅಂತ ವಿವರ ಒಪ್ಪಿಸಬೇಕಾಗಿಲ್ಲ. "ಹೆಪಟೈಟಿಸ್ ಬಿ, ಸಿ ಟೆಸ್ಟ್ ಬೇಕು" ಅಂದರೆ ಸಾಕು. ಡಾಕ್ಟರಿಗೆ ನಿಜ ಹೇಳಿದರೆ ಒಳ್ಳೆಯದು, ಬೇರೆ ಟೆಸ್ಟುಗಳನ್ನೂ ಬರೆಯುತ್ತಾರೆ.

ಕಾನೂನಿನ ವಿಷಯ ಮುಚ್ಚಿಡುವುದಿಲ್ಲ. ಮಾದಕ ವಸ್ತುಗಳಿಗೆ ಸಂಬಂಧಿಸಿದ 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಡ್ರಗ್ಸ್ ಸೇವನೆಯೂ ಅಪರಾಧ. ಅದೇ ಕಾಯ್ದೆಯ 64ಎ ಸೆಕ್ಷನ್, ತಾನಾಗಿಯೇ ಚಿಕಿತ್ಸೆಗೆ ಬರುವ ವ್ಯಸನಿಗೆ ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಿಂದ ರಕ್ಷಣೆ ಕೊಡುತ್ತದೆ. ಇನ್ನು 2017ರ ಎಚ್‌ಐವಿ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ, ಸೋಂಕು ತಡೆಯಲೆಂದು ಸೂಜಿ ಕೊಡುವುದು, ಡ್ರಗ್ಸ್ ಬದಲಿಗೆ ಪರ್ಯಾಯ ಔಷಧಿ ಕೊಡುವುದು ಅಪರಾಧವಲ್ಲ. ಪೊಲೀಸ್ ಪೇದೆಗೆ ಇದೆಲ್ಲ ಗೊತ್ತಿರುತ್ತಾ ಅನ್ನುವುದು ಬೇರೆ ಪ್ರಶ್ನೆ.

ಮಗನಿಗೆ ಬಂದಿದೆ ಅಂತ ಗೊತ್ತಾದಾಗಿನಿಂದ ಅವನ ತಟ್ಟೆ ಲೋಟ ಬೇರೆ ಇಟ್ಟಿದ್ದೀನಿ. ಮೊಮ್ಮಗಳನ್ನ ಎತ್ಕೋಬೇಡ ಅಂದಿದ್ದೀನಿ. ಸರಿ ತಾನೇ?

ಅಮ್ಮಾ, ತಟ್ಟೆ ಲೋಟ ವಾಪಸ್ ಒಟ್ಟಿಗೆ ಇಡಿ. ಮೊಮ್ಮಗಳನ್ನು ಎತ್ತಿಕೊಳ್ಳಲಿ, ಮುತ್ತು ಕೊಡಲಿ. ಎಂಜಲು, ಕೆಮ್ಮು, ಬಟ್ಟೆ, ಬಾತ್‌ರೂಮ್, ಯಾವುದರಿಂದಲೂ ಇದು ಹರಡುವುದಿಲ್ಲ. ಬೇರೆ ಇಡಬೇಕಾದ್ದು ರಕ್ತ ತಾಗುವ ಸಾಮಾನು: ಶೇವಿಂಗ್ ಬ್ಲೇಡ್, ಟೂತ್‌ಬ್ರಷ್, ಉಗುರು ಕತ್ತರಿಸುವ ನೇಲ್ ಕಟರ್. ಗಾಯವಾದರೆ ಪ್ಲಾಸ್ಟರ್ ಹಾಕಿ ಮುಚ್ಚಬೇಕು.

ಗಂಡ ಹೆಂಡತಿ ನಡುವೆ ಲೈಂಗಿಕ ಸಂಪರ್ಕದಿಂದ ಹರಡುವುದು ಅಪರೂಪ. ಗರ್ಭಿಣಿಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಐದಾರು, ಎಚ್‌ಐವಿ ಜೊತೆಗಿದ್ದರೆ ಇನ್ನೂ ಜಾಸ್ತಿ. ಹಾಲುಣಿಸಬಹುದು. ಮೊಲೆತೊಟ್ಟು ಒಡೆದು ರಕ್ತ ಬರುತ್ತಿದ್ದರೆ ಮಾತ್ರ ವಾಸಿಯಾಗುವವರೆಗೆ ನಿಲ್ಲಿಸಬೇಕು.

ಪೇಷೆಂಟ್‌ಗೆ ಹಾಕಿದ ಸೂಜಿ ನನ್ನ ಬೆರಳಿಗೆ ಚುಚ್ಚಿಬಿಡ್ತು. ನನಗೂ ಬರುತ್ತಾ? ಸಿಸ್ಟರ್‌ಗಳು ಹೆದರಿಸ್ತಿದ್ದಾರೆ.

ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಕಡಿಮೆ. ಸೋಪು ನೀರಲ್ಲಿ ತೊಳೆಯಿರಿ, ಹಿಂಡಬೇಡಿ. ಅವತ್ತೇ ರಿಪೋರ್ಟ್ ಮಾಡಿ, ರಕ್ತ ಕೊಡಿ, ಆಮೇಲೆ ಹೇಳಿದ ದಿನಕ್ಕೆ ಮತ್ತೆ ಕೊಡಿ.

ಚಿಕಿತ್ಸೆ

ನಮ್ಮೂರಲ್ಲಿ ಕಾಮಾಲೆಗೆ ನಾಟಿ ಔಷಧಿ ಕೊಡ್ತಾರೆ. ಮೂರು ದಿನ ಕಿರುನೆಲ್ಲಿ ಕುಡಿದ್ರೆ ಹೋಗಲ್ವಾ?

ಹೋದ ಹಾಗೆ ಕಾಣುತ್ತದೆ. ಹೆಪಟೈಟಿಸ್ ಎ ಬಂದವರಿಗೆ ಹೇಗಿದ್ದರೂ ತಾನಾಗಿಯೇ ವಾಸಿ ಆಗುತ್ತದೆ, ಹೆಸರು ಔಷಧಿಗೆ ಬರುತ್ತದೆ. ಸಿ ವೈರಸ್ ಕಿರುನೆಲ್ಲಿಗೆ ಜಗ್ಗಿದ ಪುರಾವೆ ಇಲ್ಲ. ಕೈಗೆ ಬರೆ ಹಾಕಿಸಿಕೊಳ್ಳುವುದನ್ನಂತೂ ದಯವಿಟ್ಟು ಬಿಡಿ.

ಹೆಪಟೈಟಿಸ್ ಸಿ ಮಾತ್ರೆಗೆ ಲಕ್ಷಾಂತರ ರೂಪಾಯಿ ಅಂತೆ. ನಮ್ಮ ಕೈಲಾಗುತ್ತಾ?

ಆ ಮಾತು ಒಂದು ಕಾಲಕ್ಕೆ ನಿಜ. ಸೊಫೋಸ್ಬುವಿರ್ ಮಾತ್ರೆಗೆ ಅಮೆರಿಕದಲ್ಲಿ 2013ರ ಡಿಸೆಂಬರಿನಲ್ಲಿ ಅನುಮತಿ ಸಿಕ್ಕಾಗ ಒಂದು ಮಾತ್ರೆಗೆ ಸಾವಿರ ಡಾಲರ್, 12 ವಾರಕ್ಕೆ 84,000 ಡಾಲರ್. ಮಾಡುವ ಖರ್ಚಿಗೂ ಆ ಬೆಲೆಗೂ ಸಂಬಂಧವೇ ಇರಲಿಲ್ಲ. ಭಾರತದಲ್ಲಿ ಪೇಟೆಂಟ್ ವಿರುದ್ಧ ರೋಗಿಗಳ ಪರವಾದ ಗುಂಪುಗಳು ಆಕ್ಷೇಪ ಸಲ್ಲಿಸಿದವು. 2014ರಲ್ಲಿ ಆ ಮಾತ್ರೆಯ ಒಡೆಯ ಗಿಲಿಯಡ್ ಕಂಪನಿ, ಅದೇ ಔಷಧಿಯನ್ನು ಅಗ್ಗವಾಗಿ ಮಾಡುವ ಭಾರತದ ಜೆನೆರಿಕ್ ಕಂಪನಿಗಳಿಗೆ ತಯಾರಿಸುವ ಲೈಸೆನ್ಸ್ ಕೊಟ್ಟಿತು. ಬೆಲೆ ನೆಲಕ್ಕಿಳಿಯಿತು. ಪಂಜಾಬ್ ಸರ್ಕಾರ 2016ರಲ್ಲಿ ಉಚಿತ ಚಿಕಿತ್ಸೆ ಶುರು ಮಾಡಿತು. 2018ರ ಜುಲೈ 28ರಂದು, ವಿಶ್ವ ಹೆಪಟೈಟಿಸ್ ದಿನ, ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು.

ಈ ಕಾರ್ಯಕ್ರಮದಲ್ಲಿ ಟೆಸ್ಟ್, ಮಾತ್ರೆ ಎರಡೂ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ಅಥವಾ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ವಿಚಾರಿಸಿ. ಸಿರೋಸಿಸ್ ಇಲ್ಲದವರಿಗೆ ಸಾಮಾನ್ಯವಾಗಿ ಸೊಫೋಸ್ಬುವಿರ್ ಮತ್ತು ಡಕ್ಲಾಟಸ್ವಿರ್, ದಿನಕ್ಕೊಂದು ಸಲ, 12 ವಾರ. ನೂರರಲ್ಲಿ 95ಕ್ಕೂ ಹೆಚ್ಚು ಜನರಿಗೆ ಪೂರ್ತಿ ವಾಸಿ.

"ಮೊದಲು ಚುಚ್ಕೊಳೋದು ಬಿಟ್ಟು ಬಾ, ಆಮೇಲೆ ಮಾತ್ರೆ" ಅಂದ್ರು ಡಾಕ್ಟ್ರು. ಸರಿನಾ?

ಸರಿಯಲ್ಲ. ಈ ಮಾತು ಎಲ್ಲಿಂದ ಬಂತು ಅಂತ ಹೇಳುತ್ತೇನೆ. ಹಿಂದೆ ಇದ್ದದ್ದು ಇಂಟರ್‌ಫೆರಾನ್ ಇಂಜೆಕ್ಷನ್. ಆರು ತಿಂಗಳಿಂದ ಒಂದು ವರ್ಷ. ಜ್ವರ, ಮೈಕೈ ನೋವು, ಖಿನ್ನತೆ, ರಕ್ತಹೀನತೆ. ಅಷ್ಟು ಪಾಡುಪಟ್ಟರೂ ಅರ್ಧದಷ್ಟು ಜನಕ್ಕೆ ಮಾತ್ರ ವಾಸಿ. ನಶೆಯಲ್ಲಿರುವವರು ಇದನ್ನು ತಡೆದುಕೊಳ್ಳಲ್ಲ, ನಡುವೆ ಬಿಡುತ್ತಾರೆ ಅಂತ ಡಾಕ್ಟರುಗಳು ಹಿಂಜರಿಯುತ್ತಿದ್ದರು. ಆ ಕಾಲಕ್ಕೆ ಅದರಲ್ಲಿ ಒಂದಿಷ್ಟು ಅರ್ಥವಿತ್ತು. ಈಗಿನದು ದಿನಕ್ಕೊಂದು ಸಲದ ಮಾತ್ರೆ, ತೊಂದರೆ ಬಹಳ ಕಡಿಮೆ. ಔಷಧಿ ಬದಲಾಯಿತು, ನಿಯಮ ಕೆಲವರ ತಲೆಯಲ್ಲಿ ಹಾಗೇ ಉಳಿಯಿತು.

ಈಗಲೂ ಚುಚ್ಚಿಕೊಳ್ಳುತ್ತಿರುವವರಿಗೂ ಚಿಕಿತ್ಸೆ ಕೊಡಿ ಅಂತಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ಮಾತ್ರೆ ಸರಿಯಾಗಿ ನುಂಗಿದರೆ ಅವರಲ್ಲೂ ಬೇರೆಯವರಷ್ಟೇ ಚೆನ್ನಾಗಿ ವಾಸಿಯಾಗುತ್ತದೆ. ಇನ್ನೊಂದು ಲೆಕ್ಕ ನೋಡಿ: ಸೋಂಕು ಹರಡುವುದು ಇವರ ಗುಂಪಿನೊಳಗೆ. ಇವರನ್ನೇ ಬಾಗಿಲ ಹೊರಗೆ ನಿಲ್ಲಿಸಿ ರೋಗ ತಡೆಯುತ್ತೇವೆ ಅನ್ನುವುದು ಟ್ಯಾಪ್ ಬಿಟ್ಟುಕೊಂಡು ನೆಲ ಒರೆಸಿದ ಹಾಗೆ. ಡಾಕ್ಟರು ಒಪ್ಪದಿದ್ದರೆ ಜಗಳ ಬೇಡ, ಇನ್ನೊಂದು ಕೇಂದ್ರಕ್ಕೆ ಹೋಗಿ.

ಒಂದು ಸಲ ವಾಸಿಯಾದ್ಮೇಲೆ ಮತ್ತೆ ಬರುತ್ತಾ?

ಬರಬಹುದು. ವಾಸಿಯಾದರೂ ದೇಹಕ್ಕೆ ರಕ್ಷಣೆ ಹುಟ್ಟುವುದಿಲ್ಲ. ಆಂಟಿಬಾಡಿ ಟೆಸ್ಟ್ ಜೀವನಪೂರ್ತಿ ಪಾಸಿಟಿವ್ ಬರುತ್ತಿರುತ್ತದೆ, ಅದನ್ನು ನೋಡಿ ಗಾಬರಿ ಆಗಬೇಡಿ. ಚುಚ್ಚಿಕೊಳ್ಳುವುದು ಮುಂದುವರಿದಿದ್ದರೆ ವರ್ಷಕ್ಕೊಮ್ಮೆಯಾದರೂ ವೈರಲ್ ಲೋಡ್ ಮಾಡಿಸಿ. ಮತ್ತೆ ಬಂದರೆ ಮತ್ತೆ ಚಿಕಿತ್ಸೆ. ಜೊತೆಯಲ್ಲಿ ಚುಚ್ಚಿಕೊಳ್ಳುವ ಗೆಳೆಯನೂ ನಿಮ್ಮೊಟ್ಟಿಗೇ ಮಾತ್ರೆ ತಗೊಂಡರೆ ಇಬ್ಬರಿಗೂ ಒಳ್ಳೆಯದು.

ಸರ್ಕಾರವೇ ಸೂಜಿ ಹಂಚೋದು ಅಂದ್ರೆ ಚಟಕ್ಕೆ ಕುಮ್ಮಕ್ಕು ಕೊಟ್ಟ ಹಾಗಲ್ವಾ?

ಈ ಪ್ರಶ್ನೆಯಲ್ಲಿ ಸಿಟ್ಟಿದೆ, ಅರ್ಥವಾಗುತ್ತದೆ. ಆದರೆ ಸೂಜಿ ಸಿಗದೆ ಚಟ ಬಿಟ್ಟವರು ಇಲ್ಲ. ಸಿಗದಿದ್ದರೆ ಹಳೆಯದನ್ನೇ ಬಳಸುತ್ತಾರೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೋ) ಕಾರ್ಯಕ್ರಮದಡಿ ಸಂಸ್ಥೆಗಳು ಹೊಸ ಸೂಜಿ ಕೊಟ್ಟು ಹಳೆಯದನ್ನು ವಾಪಸ್ ಪಡೆಯುತ್ತವೆ. ಬಳಸಿದ ಸೂಜಿ ಪಾರ್ಕಿನಲ್ಲಿ ಬೀಳುವುದೂ ಕಡಿಮೆಯಾಗುತ್ತದೆ. ಸೂಜಿ ತಗೊಳ್ಳಲು ಬಂದವನ ಜೊತೆ ಮಾತಾಡಲು ಸಿಗುವ ಆ ಹತ್ತು ನಿಮಿಷದಲ್ಲೇ ಟೆಸ್ಟ್, ಚಿಕಿತ್ಸೆ, ಚಟ ಬಿಡುವ ಮಾತು ಎಲ್ಲ ಶುರುವಾಗುವುದು.

ಇದರ ಜೊತೆಗಾರ ಪರ್ಯಾಯ ಔಷಧಿ ಚಿಕಿತ್ಸೆ, ಅಂದರೆ ಒಎಸ್‌ಟಿ. ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನನ್ನು ಡಾಕ್ಟರ ಉಸ್ತುವಾರಿಯಲ್ಲಿ ಬಾಯಿಯ ಮೂಲಕ ಕೊಡುವುದು. ಡ್ರಗ್ಸ್ ನಿಂತಾಗ ಮೈ ಹಿಂಡುವ ವಿತ್‌ಡ್ರಾವಲ್ ಇರುವುದಿಲ್ಲ, ಸೂಜಿ ಬೇಕಾಗುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿ 2017ರಲ್ಲಿ ಬಂದ ಕಾಕ್ರೇನ್ ವಿಮರ್ಶೆಯ ಪ್ರಕಾರ ಒಎಸ್‌ಟಿಯೊಂದರಿಂದಲೇ ಹೊಸ ಹೆಪಟೈಟಿಸ್ ಸಿ ಸೋಂಕಿನ ಅಪಾಯ ಅರ್ಧಕ್ಕೆ ಇಳಿಯುತ್ತದೆ. ಸಾಕಷ್ಟು ಸೂಜಿಯನ್ನೂ ಜೊತೆಗೆ ಕೊಟ್ಟರೆ 74 ಶೇಕಡಾ ಇಳಿಯುತ್ತದೆ. ಎಲ್ಲಿ ಸಿಗುತ್ತದೆ ಅಂತ ತಿಳಿಯಲು ನ್ಯಾಕೋ ಸಹಾಯವಾಣಿ 1097ಕ್ಕೆ, ಚಟ ಬಿಡುವ ಬಗ್ಗೆ 14446ಕ್ಕೆ ಫೋನ್ ಮಾಡಬಹುದು. ಬೆಂಗಳೂರಿನವರಿಗೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ಇದೆ.

ಸ್ವಲ್ಪ ಆಳಕ್ಕೆ

ನಾನು ಟಿಬಿ ಮಾತ್ರೆ, ಫಿಟ್ಸ್ ಮಾತ್ರೆ ಎಲ್ಲ ತಗೊಳ್ತಿದ್ದೀನಿ. ಇದರ ಜೊತೆ ಆಗುತ್ತಾ?

ಡಾಕ್ಟರಿಗೆ ಎಲ್ಲ ಮಾತ್ರೆಯ ಸ್ಟ್ರಿಪ್ ತಗೊಂಡು ಹೋಗಿ ತೋರಿಸಿ. ಟಿಬಿಯ ರಿಫಾಂಪಿಸಿನ್, ಫಿಟ್ಸ್‌ನ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್, ಇವು ಹೆಪಟೈಟಿಸ್ ಸಿ ಮಾತ್ರೆಯ ಬಲವನ್ನೇ ಇಳಿಸಿಬಿಡುತ್ತವೆ. ಹೃದಯಕ್ಕೆ ಕೊಡುವ ಅಮಿಯೊಡರೋನ್ ಜೊತೆ ಸೊಫೋಸ್ಬುವಿರ್ ಸೇರಿದರೆ ಹೃದಯದ ಬಡಿತ ಅಪಾಯದ ಮಟ್ಟಕ್ಕೆ ಇಳಿಯಬಹುದು. ಎಚ್‌ಐವಿ ಮಾತ್ರೆಗಳಲ್ಲಿ ಎಫಾವಿರೆಂಜ್ ಇದ್ದರೆ ಡಕ್ಲಾಟಸ್ವಿರ್ ಪ್ರಮಾಣ ಹೆಚ್ಚಿಸಬೇಕಾಗುತ್ತದೆ. ಬ್ಯುಪ್ರೆನಾರ್ಫಿನ್, ಮೆಥಡೋನ್ ತಗೊಳ್ಳುವವರಿಗೆ ಚಿಂತೆ ಇಲ್ಲ.

ಮಾತ್ರೆ ಶುರು ಮಾಡುವ ಮೊದಲು ಹೆಪಟೈಟಿಸ್ ಬಿ ಟೆಸ್ಟ್ ಕಡ್ಡಾಯ ಅಂತಲೇ ತಿಳಿಯಿರಿ. ಎರಡೂ ಇದ್ದಾಗ ಸಿ ಹೋದ ಕೂಡಲೇ, ಅಲ್ಲಿಯವರೆಗೆ ತೆಪ್ಪಗಿದ್ದ ಬಿ ತಲೆ ಎತ್ತಬಹುದು. ಲಿವರ್ ಕೈಕೊಡುವ ಮಟ್ಟಕ್ಕೂ ಹೋಗಬಹುದು.

ನನಗೆ ಸಿರೋಸಿಸ್ ಆಗೋಗಿದೆ. ವೈರಸ್ ಹೋದ್ರೂ ಏನು ಪ್ರಯೋಜನ?

ತುಂಬ ಇದೆ. ವೈರಸ್ ಹೋದರೆ ಲಿವರ್ ಇನ್ನಷ್ಟು ಹಾಳಾಗುವುದು ನಿಧಾನವಾಗುತ್ತದೆ, ಎಷ್ಟೋ ಜನರಲ್ಲಿ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಲಿವರ್ ಕ್ಯಾನ್ಸರ್ ಅಪಾಯವೂ ಇಳಿಯುತ್ತದೆ. ಸಿರೋಸಿಸ್ ಇರುವವರಿಗೆ ಸಾಮಾನ್ಯವಾಗಿ ಸೊಫೋಸ್ಬುವಿರ್ ಜೊತೆ ವೆಲ್ಪಟಸ್ವಿರ್ ಕೊಡುತ್ತಾರೆ. ಹೊಟ್ಟೆಯಲ್ಲಿ ನೀರು ತುಂಬುವ ಹಂತಕ್ಕೆ ಹೋಗಿದ್ದರೆ ರಿಬಾವಿರಿನ್ ಸೇರಿಸುತ್ತಾರೆ, ಇಲ್ಲವೇ 24 ವಾರಕ್ಕೆ ಎಳೆಯುತ್ತಾರೆ. ಅದು ದೊಡ್ಡಾಸ್ಪತ್ರೆಯ ಕೆಲಸ.

ಕ್ಯಾನ್ಸರ್ ಅಪಾಯ ಇಳಿಯುತ್ತದೆ ಅಂದೆ, ಸೊನ್ನೆ ಆಗುವುದಿಲ್ಲ. ಮಾತ್ರೆ ಮುಗಿದು 12 ವಾರಕ್ಕೆ ಮಾಡಿಸಿದ ಟೆಸ್ಟ್‌ನಲ್ಲಿ ವೈರಸ್ ಇಲ್ಲ ಅಂತ ಬಂದ ಮೇಲೂ ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸುತ್ತಿರಬೇಕು. ಕುಡಿತ ಪೂರ್ತಿ ಬಿಡಬೇಕು, ಬಿಯರ್ ಕೂಡ ಇಲ್ಲ. ನೋವು, ಜ್ವರ ಬಂದಾಗ ಪ್ಯಾರಾಸಿಟಮಾಲ್ ದಿನಕ್ಕೆ 2 ಗ್ರಾಂ ಮೀರಬಾರದು. ಅಂದರೆ 500ರ ಮಾತ್ರೆ ನಾಲ್ಕೇ. ಬ್ರೂಫೆನ್ ಥರದ ನೋವಿನ ಮಾತ್ರೆ ಮುಟ್ಟಲೇಬೇಡಿ, ಸಿರೋಸಿಸ್ ಇರುವವರಿಗೆ ಅದು ಕಿಡ್ನಿ ಕೆಡಿಸುತ್ತದೆ.